ಎಂಟು ಕೋಟಿ ಕೋಟಿ ಕೋಟಿ ವಂಶವೃಕ್ಷ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ವ್ಯಾಪಾರ ಕುದುರುವಷ್ಟರಲ್ಲಿ ‘ಎರಡು’, ‘ರೆಂಡು’, ‘ದೋ’ ಮೂರೂ ಕಿವಿಗೆ ಬಿದ್ದಿರುತ್ತವೆ. ರೈತ ಮಗನ ಜೊತೆ ತೆಲುಗಿನಲ್ಲಿ ಗೊಣಗಿ, ಪಕ್ಕದವರಿಗೆ ಕನ್ನಡದಲ್ಲಿ ಲೆಕ್ಕ ಒಪ್ಪಿಸಿ, ಗೂಡು ಕೊಳ್ಳುವ ರೀಲರ್ ಜೊತೆ ಉರ್ದುವಿನಲ್ಲಿ ಚೌಕಾಸಿ ಮಾಡಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಈ ಮೂರು ಭಾಷೆಗಳಲ್ಲಿ ಯಾವೆರಡು ಹತ್ತಿರದ ನೆಂಟರು? ಇರಬಹುದಾದ ಉತ್ತರ ಮೂರೇ ಮೂರು. ಸರಿಯಾದದ್ದು ಎಲ್ಲರಿಗೂ ಗೊತ್ತು.

ಇಂಗ್ಲಿಷನ್ನೂ ಸೇರಿಸಿ ನಾಲ್ಕು ಮಾಡಿ: ಬರೆಯಬಹುದಾದ ವಂಶವೃಕ್ಷಗಳು 15. ಐದು ಭಾಷೆಗೆ 105. ಹತ್ತಕ್ಕೆ 3,44,59,425. ಹೊಸದಾಗಿ ಬಂದ ಭಾಷೆಯನ್ನು ಇರುವ ಯಾವ ಕೊಂಬೆಗೆ ಬೇಕಾದರೂ ಕೂಡಿಸಬಹುದು. ಅದಕ್ಕೇ ಲೆಕ್ಕ 5ರಿಂದ, 7ರಿಂದ, 9ರಿಂದ ಹೀಗೆ ಗುಣಿಸುತ್ತಲೇ ಹೋಗುತ್ತದೆ. 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಅವರ ಸಂಗಡಿಗರು 20 ದ್ರಾವಿಡ ಭಾಷೆಗಳಿಂದ ತಲಾ ನೂರು ಮೂಲಪದಗಳ ಪಟ್ಟಿ ಹಿಡಿದು ಕೂತರು. 20 ಭಾಷೆಗೆ ಸಾಧ್ಯವಿರುವ ವೃಕ್ಷಗಳು ಸುಮಾರು 8.2 ಕೋಟಿ ಕೋಟಿ ಕೋಟಿ. ‘ಕೋಟಿ’ ಮೂರು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ಅದು 22 ಅಂಕಿಗಳ ಸಂಖ್ಯೆ. ಸೆಕೆಂಡಿಗೆ ಒಂದರಂತೆ ಪರೀಕ್ಷಿಸುತ್ತ ಹೋದರೆ ವಿಶ್ವಕ್ಕೆ ಈವರೆಗೆ ಆಗಿರುವ 1,380 ಕೋಟಿ ವರ್ಷ ವಯಸ್ಸಿನ ಸುಮಾರು 19,000 ಪಟ್ಟು ಕಾಲ ಬೇಕು. ಕಂಪ್ಯೂಟರ್ ಕೂಡ ಎಲ್ಲವನ್ನೂ ನೋಡುವುದಿಲ್ಲ; ಸಂಭವ ಹೆಚ್ಚಿರುವ ವೃಕ್ಷಗಳ ಸುತ್ತಮುತ್ತಲೇ ಅಲೆದಾಡಿ ಒಂದು ಅಂದಾಜು ಹೇಳುತ್ತದೆ. ಅದು ಹೇಳಿದ್ದು: ದ್ರಾವಿಡ ಕುಟುಂಬದ ಬೇರಿಗೆ ಸುಮಾರು 4,500 ವರ್ಷ. ಹಿಂದೆ ಮುಂದೆ ಸಾವಿರಾರು ವರ್ಷ ಜಗ್ಗುವ ಅಂದಾಜು ಅದು, ನಿಜ.

ಆದರೆ ಈ ಬೆಟ್ಟವನ್ನು ಕಂಪ್ಯೂಟರಿಗೆ ಮುಂಚೆಯೇ ಬರೀ ಕಿವಿಯಿಂದ ಕಡಿದವರಿದ್ದಾರೆ. ಅವರ ಗುಟ್ಟು ಇಷ್ಟು: ಹೋಲಿಕೆಯನ್ನು ನಂಬಬೇಡಿ, ಇಬ್ಬರೂ ಒಟ್ಟಿಗೆ ಮಾಡಿಕೊಂಡ ಬದಲಾವಣೆಯನ್ನು ನಂಬಿ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲೂ ‘ಚೆವಿ’. ಹಾಗೆಂದು ತಮಿಳು ತೆಲುಗು ಒಂದು ಗುಂಪು, ಕನ್ನಡ ಹೊರಗಿನದು ಎಂದು ಬರೆದರೆ ಮೋಸ ಹೋದಿರಿ. ಆ ‘ಚ’ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿದ್ದು. ‘ರೆಂಡು’ ಮಾತ್ರ ಬೇರೆ ಜಾತಿಯ ಸಾಕ್ಷಿ. ಪದದ ಮೊದಲಿನ ಸ್ವರ ಅದರಲ್ಲಿ ಜಾರಿಹೋಗಿದೆ. ‘ಒಳಗೆ’ ತೆಲುಗಿನಲ್ಲಿ ‘ಲೋಪಲ’ ಆದದ್ದೂ ಹೀಗೇ. ಇದೇ ಜಾರಾಟ ಗೋಂಡಿಯಲ್ಲೂ ಇದೆ: ಅಲ್ಲಿ ಎರಡಕ್ಕೆ ‘ರಂಡ್’, ಒಳಗೆ ಎನ್ನಲು ‘ರೊಪೊ’. ಒಡಿಶಾದ ಕುಯಿ, ಕುವಿ ಭಾಷೆಗಳೂ ಈ ಗುಂಪಿನವೇ. ಕನ್ನಡದ ಒಡಹುಟ್ಟುಗಳು ಇನ್ನೊಂದು ಕಡೆ: ತಮಿಳು, ಮಲೆಯಾಳ, ಕೊಡವ, ನೀಲಗಿರಿಯ ತೋಡ ಮತ್ತು ಕೋತ.

ಅಂದರೆ ಚಿಂತಾಮಣಿಯ ಒಂದೇ ಮನೆಯಲ್ಲಿ ಅಜ್ಜಿ ಆಡುವ ತೆಲುಗಿಗೆ, ಬಾಗಿಲಲ್ಲಿ ನಿಂತ ಮೊಮ್ಮಗನ ಕನ್ನಡಕ್ಕಿಂತ ಬಸ್ತರ್ ಕಾಡಿನ ಗೋಂಡಿಯೇ ರಕ್ತಸಂಬಂಧದಲ್ಲಿ ಹತ್ತಿರ. ಈ ಮಾತನ್ನು ಆ ಅಜ್ಜಿಗೆ ಹೇಳಿ ಒಪ್ಪಿಸುವ ಧೈರ್ಯ ನನಗಂತೂ ಇಲ್ಲ.

ಈ ಎರಡು ಕವಲುಗಳು ಬೇರೆಯಾಗಿ ಸುಮಾರು 3,000 ವರ್ಷ ಎನ್ನುವುದು ವಿದ್ವಾಂಸರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಅದನ್ನು ಅಳೆಯಲು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಒಂದು ಅಳತೆಗೋಲು ಸಿಗುತ್ತದೆ. ಕೈವಾರದ ತಾತಯ್ಯನವರು, ಯೋಗಿ ನಾರೇಯಣರು, 1726ರಿಂದ 1836ರವರೆಗೆ 110 ವರ್ಷ ಬಾಳಿದರೆಂದು ಪ್ರತೀತಿ. ಅಂಥ 27 ತುಂಬುಬಾಳುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಕನ್ನಡ ತೆಲುಗು ಅಗಲಿದ ಕಾಲ ಮುಟ್ಟುತ್ತದೆ. ತಾತಯ್ಯನವರು ಹಾಡು ಕಟ್ಟಿದ್ದು ಎರಡೂ ಭಾಷೆಯಲ್ಲಿ. 3,000 ವರ್ಷದ ಕಂದರವನ್ನು ದಿನಾ ದಾಟುತ್ತಿದ್ದರು.

ಲಿಪಿಯೇ ನಮ್ಮ ಕಣ್ಣು ಕಟ್ಟುವುದು. ಕನ್ನಡ ತೆಲುಗು ಅಕ್ಷರಗಳು ಬೇರೆಬೇರೆಯಾಗಿ ನೆಲೆನಿಂತು ಆರೇಳು ನೂರು ವರ್ಷವಷ್ಟೇ. ತಾತಯ್ಯನ ಲೆಕ್ಕದಲ್ಲಿ ಆರು ಬಾಳು. ಅಕ್ಷರ ನೋಡಿ ಅವಳಿಜವಳಿ ಎನ್ನುತ್ತೇವೆ, ಮಾತು 27 ಬಾಳು ಹಿಂದೆಯೇ ಮನೆ ಪಾಲು ಮಾಡಿಕೊಂಡಿತ್ತು.

ಈ ಮಾತುಗಳಿಗೆ ಸಂಸ್ಕೃತದ್ದಲ್ಲದ ತಮ್ಮದೇ ಕುಟುಂಬವಿದೆ ಎಂದು ಪದ ಪದ ಇಟ್ಟು ಮೊದಲು ಅಚ್ಚಿನಲ್ಲಿ ತೋರಿಸಿದವನು ಮದ್ರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್. ಅದು 1816ರಲ್ಲಿ, ಕ್ಯಾಂಪ್‌ಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ. ಖ್ಯಾತಿ ಮಾತ್ರ ನಲವತ್ತು ವರ್ಷ ತಡವಾಗಿ, 1856ರಲ್ಲಿ ಇದನ್ನೇ ಬರೆದ ಕಾಲ್ಡ್‌ವೆಲ್ಲನ ಪಾಲಾಯಿತು. ಎಲ್ಲಿಸ್‌ನ ಟಿಪ್ಪಣಿ ಅಚ್ಚಾದ ವರ್ಷ ಕೈವಾರದ ತಾತಯ್ಯನವರಿಗೆ, ಪ್ರತೀತಿಯಂತೆ, 90.

ಸಣ್ಣ ಅಳತೆಯ ಬದಲಾವಣೆ ನೋಡಬೇಕಾದರೆ ಬಸ್ಸಿನ ಬೋರ್ಡು ಸಾಕು. ಬಾಗೇಪಲ್ಲಿಯ ‘ಪಲ್ಲಿ’, ಮಂಚೇನಹಳ್ಳಿಯ ‘ಹಳ್ಳಿ’ ಒಂದೇ ಮೂಲದವು. ಹಳಗನ್ನಡದ ಪಾಲು, ಪುಲಿ, ಪೂ ಇವು ಹಾಲು, ಹುಲಿ, ಹೂ ಆಗಲು 10ನೆಯ ಶತಮಾನದ ಹೊತ್ತಿಗೆ ಶುರುವಾಗಿ, 14ನೆಯ ಶತಮಾನದ ಹೊತ್ತಿಗೆ ಕೆಲಸ ಮುಗಿದಿತ್ತು. ತೆಲುಗು ಪಕಾರವನ್ನು ಬಿಟ್ಟುಕೊಡಲಿಲ್ಲ. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಹೊರಟವರು ನಾನೂರು ವರ್ಷದ ಆ ಕೆಲಸವನ್ನು ಒಂದು ಗಂಟೆಯೊಳಗೆ ಹಿಂದಕ್ಕೆ ದಾಟುತ್ತಾರೆ, ‘ಹಾಲು’ ಕೇಳಿ ಹೊರಟು ‘ಪಾಲು’ ಕುಡಿದು ಬರುತ್ತಾರೆ.

ಇನ್ನು ದೊಡ್ಡ ಅಳತೆ. ಇಲ್ಲಿಂದ 2,000 ಕಿಲೋಮೀಟರಿಗೂ ಆಚೆ, ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಈ ಆಡುವವರಿದ್ದಾರೆ. ನಮ್ಮ ಕಣ್ಣು ಅವರಿಗೆ ‘ಖನ್’, ಕಲ್ಲು ‘ಖಲ್’, ಕಿವಿ ‘ಖಫ್’. ಸುತ್ತ ಬಲೂಚಿ, ಪಷ್ತೋ. ನಡುವೆ ಕುಟುಂಬದ ಈ ಒಂಟಿ ಸದಸ್ಯ. ಅವರ ಎಣಿಕೆ ಕೇಳಿ: ಅಸಿಟ್, ಇರಟ್, ಮುಸಿಟ್. ದ್ರಾವಿಡ ಆಸ್ತಿ ಅಲ್ಲಿಗೆ ಮುಗಿಯಿತು. ನಾಲ್ಕರಿಂದ ಮುಂದಿನದೆಲ್ಲ ಇರಾನಿ ನೆರೆಹೊರೆಯಿಂದ ತಂದದ್ದು. ಅಯ್ಯೋ ಪಾಪ ಎನ್ನುವ ಮುಂಚೆ ಚಿಕ್ಕಬಳ್ಳಾಪುರದ ಯಾವುದೇ ಹುಡುಗನ ಮೊಬೈಲ್ ನಂಬರ್ ಕೇಳಿ ನೋಡಿ. ಮನೆಮಾತು ಕನ್ನಡವಿರಲಿ ತೆಲುಗಿರಲಿ, ‘ನೈನ್ ಏಟ್ ಫೋರ್’ ಎಂದೇ ಶುರು ಮಾಡುತ್ತಾನೆ.