ಹೊಸ ಟೈರು, ಹಳೆಯ ತಾರೀಖು: ಎಷ್ಟು ಡಿಸ್ಕೌಂಟ್ ಕೇಳಬೇಕು?

ಅಕ್ಟೋಬರ್ ಮುಗಿಯುತ್ತಿದ್ದಂತೆ ಬ್ರಾಂಪ್ಟನ್, ಮಿಸಿಸಾಗಾ, ಮಿಲ್ಟನ್ ಕಡೆಯ ಗೆಳೆಯರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸ್ನೋ ಟೈರ್ ಹಾಕಿಸಿಕೊಂಡು ಬಂದೆ. ಹೊಸದು ಅಂತಲೇ ಕೊಟ್ಟರು. ಮನೆಗೆ ಬಂದು ನೋಡಿದರೆ ಎರಡು ವರ್ಷದ ಹಿಂದೆ ತಯಾರಾಗಿದೆ. ಟೋಪಿ ಹಾಕಿದರಾ?"

ಟಿಎಫ್‌ಎಸ್‌ಎ, ಮಾರ್ಟ್‌ಗೇಜ್ ಬಗ್ಗೆ ಬರೆಯುವ ಜಾಗದಲ್ಲಿ ಟೈರಿನ ಮಾತೇಕೆ ಅನ್ನಬಹುದು. ನಾಲ್ಕು ಟೈರು, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಮೇಲೆ 13% ಎಚ್‌ಎಸ್‌ಟಿ ಸೇರಿದರೆ ಸಾವಿರ ಡಾಲರಿನ ಆಸುಪಾಸಿಗೆ ಬಂದು ನಿಲ್ಲುವ ಖರ್ಚು ಇದು. ಎರಡು ಕಾರಿರುವ ಮನೆಯಲ್ಲಿ ಅದರ ಎರಡರಷ್ಟು. ಪ್ರಶ್ನೆಗೆ ನನ್ನ ಚಿಕ್ಕ ಉತ್ತರ: ಟೋಪಿ ಹಾಕಿಲ್ಲ. ಆದರೆ ಆ ಎರಡು ವರ್ಷಕ್ಕೆ ಕೆಲವರ ಪಾಲಿಗೆ ಬೆಲೆಯಿದೆ, ಕೆಲವರ ಪಾಲಿಗೆ ಇಲ್ಲ. ನೀವು ಯಾವ ಗುಂಪಿಗೆ ಸೇರಿದವರು ಅನ್ನುವುದನ್ನು ಒಂದು ಕಪ್ ಕಾಫಿ ಮುಗಿಯುವುದರೊಳಗೆ ಲೆಕ್ಕ ಹಾಕಬಹುದು.

ಮೊದಲು ತಾರೀಖು ಓದುವುದು ಹೇಗೆ? ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 3823 ಅಂತಿದ್ದರೆ 2023ನೇ ಇಸವಿಯ 38ನೇ ವಾರ, ಅಂದರೆ ಸೆಪ್ಟೆಂಬರ್. ಕೊನೆಯಲ್ಲಿ ಮೂರೇ ಅಂಕಿ ಕಂಡರೆ ಅದು 2000ಕ್ಕಿಂತ ಹಿಂದಿನ ಟೈರು, ಮುಟ್ಟುವುದೇ ಬೇಡ. ಪೂರ್ತಿ ಸಂಖ್ಯೆ ಒಂದೇ ಬದಿಯಲ್ಲಿ ಇರಬಹುದು. ಆ ಬದಿ ಕಾರಿನ ಒಳಮುಖವಾಗಿ ಕೂತಿದ್ದರೆ, ಹೊರಗಿನಿಂದ ಎಷ್ಟು ಹುಡುಕಿದರೂ ತಾರೀಖು ಸಿಗುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಚಕ್ರಕ್ಕೆ ಏರಿಸುವ ಮೊದಲು.

ಈಗ ರಬ್ಬರಿನ ವಿಷಯ. ಟೈರು ಹಾಲಿನ ಪ್ಯಾಕೆಟ್ಟಿನಂತೆ ತಾರೀಖು ದಾಟಿದ ಮರುದಿನ ಕೆಡುವ ಸರಕಲ್ಲ. ಹಳೆಯದಾದಷ್ಟೂ ಬೆಲೆ ಏರಲು ಸೋನಾಮಸೂರಿ ಅಕ್ಕಿಯೂ ಅಲ್ಲ. ಆಮ್ಲಜನಕ, ಓಜೋನ್, ಬಿಸಿಲು, ಬಿಸಿ ಸೇರಿಕೊಂಡು ರಬ್ಬರನ್ನು ನಿಧಾನವಾಗಿ ಗಡುಸಾಗಿಸುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿಗೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಕಾರಿಗೆ ಹಾಕಿದ ಟೈರಿನೊಳಗೆ ಒತ್ತಡದಲ್ಲಿರುವ ಗಾಳಿ ಒಳಗಿನಿಂದಲೇ ಆಮ್ಲಜನಕವನ್ನು ರಬ್ಬರಿನ ಪದರಗಳಿಗೆ ತಳ್ಳುತ್ತಿರುತ್ತದೆ. ಜೊತೆಗೆ ಓಡಿದ ಬಿಸಿ. ಗೋದಾಮಿನ ತಂಪು ಕತ್ತಲಲ್ಲಿ, ಗಾಳಿ ತುಂಬದೆ ಇಟ್ಟ ಟೈರಿಗೆ ಈ ಎರಡೂ ಕಾಟವಿಲ್ಲ. ಹಾಗಾಗಿ ಗೋದಾಮಿನ ಒಂದು ವರ್ಷ ರಸ್ತೆಯ ಒಂದು ವರ್ಷಕ್ಕೆ ಸಮವಲ್ಲ. ಜರ್ಮನಿಯ ಟೈರ್ ಉದ್ಯಮದ ರೂಢಿಯಲ್ಲಿ, ಸರಿಯಾಗಿ ಕಾಪಾಡಿದ ಬಳಸದ ಟೈರು 3 ವರ್ಷದವರೆಗೆ ಕಾರ್ಖಾನೆಯಿಂದ ಬಂದಷ್ಟೇ ಹೊಸದು, 5 ವರ್ಷದವರೆಗೆ ಹೊಸದೆಂದು ಮಾರಬಹುದು. ಮೊದಲ ಅರ್ಧವನ್ನು ನಾನು ಒಪ್ಪುತ್ತೇನೆ. ಐದು ವರ್ಷದ ಮಾತು ಮಾರುವವರ ಅನುಕೂಲಕ್ಕೆ ಹೇಳಿದಂತಿದೆ.

ಹಾಗಾದರೆ ಈ ವಯಸ್ಸಿನ ಭಯ ಎಲ್ಲಿಂದ ಬಂತು? 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯವು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಳಚಿಕೊಂಡು ಗಾಡಿಗಳು ಮಗುಚಿದ್ದವು. ಅಲ್ಲಿ ತಪ್ಪು ಬರೀ ವಯಸ್ಸಿನದಾಗಿರಲಿಲ್ಲ, ಆದರೆ ಆಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಟೈರಿಗೆ ವಯಸ್ಸಾಗುವುದನ್ನು ಗಂಭೀರವಾಗಿ ಅಧ್ಯಯನ ಮಾಡಿತು. ಅದು ಮುಂದಿಟ್ಟ ವಿಮೆ ಕಂಪನಿಯೊಂದರ ಅಂಕಿಗಳು ಕಣ್ಣು ತೆರೆಸುವಂಥವು. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಲೂಯಿಸಿಯಾನಾ, ಫ್ಲಾರಿಡಾ, ಅರಿಜೋನಾ, ಈ ಐದು ಬಿಸಿ ರಾಜ್ಯಗಳಲ್ಲಿ ಆ ಕಂಪನಿಯ 27% ಪಾಲಿಸಿದಾರರಿದ್ದರು. ಟೈರಿನ ಕ್ಲೇಮುಗಳಲ್ಲಿ 77% ಅಲ್ಲಿಂದಲೇ ಬಂದಿದ್ದವು. ಆ ಕ್ಲೇಮುಗಳಲ್ಲಿ 84% 6 ವರ್ಷ ದಾಟಿದ ಟೈರುಗಳವು. ಟೊರಾಂಟೊ ಫೀನಿಕ್ಸ್ ಅಲ್ಲ, ಕಲಬುರಗಿಯ ಮೇ ತಿಂಗಳೂ ಅಲ್ಲ. ಊರಲ್ಲಿರುವ ಭಾವ ಹೇಳುವ ಲೆಕ್ಕವನ್ನು ಇಲ್ಲಿಗೆ ಹಾಗೇ ತರಬೇಕಾಗಿಲ್ಲ. ಆದರೂ ಮಿತಿ ಮಿತಿಯೇ.

ಆ ಮಿತಿ ಎಷ್ಟು? ಒಂಟಾರಿಯೊದಲ್ಲಿ ಖಾಸಗಿ ಕಾರಿನ ಟೈರಿಗೆ ವಯಸ್ಸಿನ ಕಾನೂನು ಇಲ್ಲ. ಪಟ್ಟಿಯ ಆಳ 1.5 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬ ಕಾನೂನಿದೆ. ಫೋರ್ಡ್ 6 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಮಿಶೆಲಿನ್, 5 ವರ್ಷ ಬಳಸಿದ ಮೇಲೆ ಪ್ರತಿವರ್ಷ ತಜ್ಞರಿಗೆ ತೋರಿಸಿ, ತಯಾರಾಗಿ 10 ವರ್ಷವಾದ ಮೇಲೆ ಚೆನ್ನಾಗಿ ಕಂಡರೂ ತೆಗೆಯಿರಿ ಎನ್ನುತ್ತದೆ. ಚಳಿಗಾಲದ ಟೈರಿಗೆ ನಾನು ಇಟ್ಟುಕೊಂಡಿರುವ ಅಂಕಿ 8. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂದಲ್ಲವೇ ನಾವು ಮೃದು ರಬ್ಬರಿಗೆ ದುಡ್ಡು ಕೊಡುವುದು? ಆ ಮೃದುತ್ವವೇ ಹೋದ ಮೇಲೆ ಪಟ್ಟಿ ಉಳಿದು ಏನು ಬಂತು.

ಇನ್ನು ನನ್ನ ಕಸುಬಿನ ಭಾಗಕ್ಕೆ ಬರೋಣ. ಅಕೌಂಟ್ಸ್ ಓದಿದವರಿಗೆ ಗೊತ್ತು, ಸವಕಳಿ ಲೆಕ್ಕ ಹಾಕುವ ಬಗೆ ಹಲವಿದ್ದರೂ ನಮಗೆ ಇಲ್ಲಿ ಬೇಕಾದದ್ದು ಎರಡು: ಬಳಕೆಯ ಪ್ರಕಾರ ಒಂದು, ಕಾಲದ ಪ್ರಕಾರ ಇನ್ನೊಂದು. ಟೈರಿನಲ್ಲಿ ಎರಡೂ ಒಟ್ಟಿಗೆ ಓಡುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಟೈರಿನ ಆಯಸ್ಸು ಮುಗಿಯಿತು. ತಯಾರಾದ ತಾರೀಖು ಎರಡನೆಯದಕ್ಕೆ ಮಾತ್ರ ಸಂಬಂಧಪಟ್ಟದ್ದು.

ಉದಾಹರಣೆಗೆ ನಾಲ್ಕು ಟೈರಿಗೆ 800 ಡಾಲರ್, ಎಚ್‌ಎಸ್‌ಟಿ ಸೇರಿ 904 ಎಂದಿಟ್ಟುಕೊಳ್ಳಿ. ಪಟ್ಟಿ 4 ಮಿಲಿಮೀಟರಿಗೆ ಬರುವವರೆಗೆ 40,000 ಕಿಲೋಮೀಟರ್ ಓಡುತ್ತದೆ ಎನ್ನೋಣ. 1.5 ಬಿಟ್ಟು 4 ಏಕೆಂದರೆ, ಅಷ್ಟು ಸವೆದ ಟೈರನ್ನು ಹಿಮದ ರಸ್ತೆಗೆ ಇಳಿಸಬೇಡಿ ಎಂದು ಟ್ರಾನ್ಸ್‌ಪೋರ್ಟ್ ಕೆನಡಾ ಹೇಳುತ್ತದೆ. ಬ್ರಾಂಪ್ಟನ್‌ನಿಂದ ಮಾರ್ಕಮ್‌ಗೆ ದಿನಾ 407 ಹಿಡಿದು ಹೋಗುವವರು ನವೆಂಬರಿನಿಂದ ಏಪ್ರಿಲ್‌ವರೆಗೆ 10,000 ಕಿಲೋಮೀಟರ್ ಓಡಿಸಿದರೆ ನಾಲ್ಕು ಚಳಿಗಾಲಕ್ಕೆ ಪಟ್ಟಿ ಖಾಲಿ. ಕೊಂಡಾಗ ಟೈರಿಗೆ ಎರಡು ವರ್ಷವಾಗಿದ್ದರೂ ಎಸೆಯುವಾಗ ಆರು. ಎಂಟರ ಮಿತಿ ಅವರನ್ನು ತಲುಪುವುದೇ ಇಲ್ಲ. ಅಂಥವರಿಗೆ ಎರಡು ವರ್ಷದ ಸ್ಟಾಕಿನ ಮೇಲೆ 10% ಇಳಿಸಿದರೂ ಅದು ಅಪ್ಪಟ ಲಾಭ. ತಾರೀಖು ನೋಡಿ ಮುಖ ಸಿಂಡರಿಸುವುದು ಬೇಡ.

ಮನೆಯಿಂದ ಕೆಲಸ ಮಾಡುವವರ, ಅಥವಾ ಗೋ ಟ್ರೈನ್ ಸ್ಟೇಷನ್‌ವರೆಗೆ ಮಾತ್ರ ಕಾರು ತೆಗೆಯುವವರ ಕಥೆ ಬೇರೆ. ಚಳಿಗಾಲಕ್ಕೆ 4,000 ಕಿಲೋಮೀಟರ್ ಎಂದರೆ ಪಟ್ಟಿ ಹತ್ತು ವರ್ಷ ಬರುತ್ತದೆ, ಆದರೆ ಎಂಟಕ್ಕೆ ಕಾಲ ಮುಗಿಯುತ್ತದೆ. ತಾಜಾ ಟೈರಾದರೆ ಎಂಟು ಚಳಿಗಾಲ, ತಲಾ 113 ಡಾಲರ್. ಎರಡು ವರ್ಷದ್ದಾದರೆ ಆರೇ ಚಳಿಗಾಲ, ತಲಾ 151. ಎರಡೂ ಸಮನಾಗಬೇಕಾದರೆ ಹಳೆಯ ಸೆಟ್ಟಿಗೆ ನೀವು ಕೊಡಬೇಕಾದದ್ದು 113ರಂತೆ ಆರು ಚಳಿಗಾಲಕ್ಕೆ 678, ಅಂದರೆ 25% ಕಡಿಮೆ. ಅಂಗಡಿಯವರು ಅಷ್ಟು ಬಿಡುವುದು ಅಪರೂಪ. ಹಾಗಾಗಿ ಇವರು ಹೊಸ ತಾರೀಖನ್ನೇ ಕೇಳಿ ಪಡೆಯಬೇಕು. ವಿಚಿತ್ರ ನೋಡಿ, ಕಡಿಮೆ ಓಡಿಸುವವರೇ ತಾರೀಖಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು.

ಕೇಳುವುದಕ್ಕೂ ಒಂದು ಸಮಯವಿದೆ. ಮೊದಲ ಹಿಮ ಬಿದ್ದ ಬೆಳಗ್ಗೆ ಟೈರ್ ಅಂಗಡಿಯ ಮುಂದೆ ಸಾಲು ನಿಂತವರಿಗೆ ಯಾರೂ ತಾರೀಖು ಆರಿಸಿ ಕೊಡುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಫೋನ್ ಮಾಡಿ, "ನಾಲ್ಕೂ ಟೈರಿನ ತಯಾರಿಕೆ ಯಾವ ವರ್ಷದ್ದು, ಫಿಟ್ ಮಾಡುವ ಮೊದಲು ತೋರಿಸುತ್ತೀರಾ?" ಎಂದು ಕೇಳಿ. ನಾಲ್ಕರ ನಡುವೆ ಕೆಲವು ವಾರಗಳ ವ್ಯತ್ಯಾಸ ಇದ್ದರೆ ಜಗಳ ಬೇಡ.

ಎಲ್ಲಕ್ಕಿಂತ ಹೆಚ್ಚು ನಾನು ಚಿಂತಿಸುವುದು ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರ ಬಗ್ಗೆ. ಮೊದಲ ಚಳಿಗಾಲ, ಕೈಯಲ್ಲಿ ಕಾಸಿಲ್ಲ, ಆನ್‌ಲೈನ್ ಜಾಹೀರಾತಿನಲ್ಲಿ ರಿಮ್ ಸಮೇತ 200 ಡಾಲರಿಗೆ ಸೆಟ್ ಸಿಗುತ್ತದೆ, ಪಟ್ಟಿಯೂ ದಪ್ಪಗೆ ಕಾಣುತ್ತದೆ. ದಪ್ಪಗೆ ಏಕಿದೆ ಎಂದು ಕೇಳಿಕೊಳ್ಳಬೇಕಾದದ್ದು ಅಲ್ಲಿ. ಎಷ್ಟೋ ಸಲ ಒಂಬತ್ತು ಹತ್ತು ವರ್ಷ ಯಾರದೋ ಗರಾಜಿನಲ್ಲಿ ಬಿದ್ದಿದ್ದ ಟೈರಾಗಿರುತ್ತದೆ. ಮಾರುವವರು ತಾರೀಖಿನ ಫೋಟೊ ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಐದು ವರ್ಷ ದಾಟಿದ ಬಳಸಿದ ಟೈರು ಉಚಿತವಾಗಿ ಕೊಟ್ಟರೂ ಬೇಡ. 401ರಲ್ಲಿ ನೂರರ ವೇಗದಲ್ಲಿ ಲಾರಿಗಳ ನಡುವೆ ಹೋಗುವಾಗ ಆ 200 ಡಾಲರ್ ಉಳಿತಾಯಕ್ಕೆ ಅರ್ಥವಿರುವುದಿಲ್ಲ. ಬಳಸಿದ ಕಾರು ಕೊಳ್ಳುವಾಗ ಡಿಕ್ಕಿಯಲ್ಲಿರುವ ಸ್ಟೆಪ್ನಿಯ ತಾರೀಖನ್ನೂ ನೋಡಿ. ಒಂದು ಸಲವೂ ನೆಲ ಮುಟ್ಟದ ಆ ಟೈರಿಗೂ ವರ್ಷಗಳು ಲೆಕ್ಕಕ್ಕಿವೆ.

ಬೇಸಿಗೆಯಲ್ಲಿ ಸ್ನೋ ಟೈರನ್ನು ಕಾಂಡೊ ಬಾಲ್ಕನಿಯ ಬಿಸಿಲಿಗೆ ಇಡಬೇಡಿ, ಫರ್ನೇಸ್ ಪಕ್ಕವೂ ಬೇಡ. ಕಪ್ಪು ಚೀಲದಲ್ಲಿ ಸುತ್ತಿ ನೆಲಮಾಳಿಗೆಯ ತಂಪು ಮೂಲೆಯಲ್ಲಿಡಿ.

ಕೊನೆಗೆ ಎರಡು ಕಾಗದ. ಟೈರ್ ಕಂಪನಿಗಳ ವಾರಂಟಿ ಸಾಮಾನ್ಯವಾಗಿ ಕೊಂಡ ದಿನದಿಂದ ಶುರುವಾಗುತ್ತದೆ. ರಸೀದಿ ಇಲ್ಲದಿದ್ದರೆ ತಯಾರಾದ ದಿನದಿಂದ ಎಣಿಸುತ್ತಾರೆ. ಎರಡು ವರ್ಷದ ಸ್ಟಾಕ್ ಕೊಂಡವರು ರಸೀದಿ ಕಳೆದುಕೊಂಡರೆ ಎರಡು ವರ್ಷದ ವಾರಂಟಿಯೂ ಹೋಯಿತು. ಅದೇ ರಸೀದಿಯನ್ನು ವಿಮೆ ಕಂಪನಿಗೂ ಕಳಿಸಿ. 2016ರ ಜನವರಿ 1ರಿಂದ ಒಂಟಾರಿಯೊದ ಎಲ್ಲ ವಾಹನ ವಿಮೆ ಕಂಪನಿಗಳೂ ಸ್ನೋ ಟೈರ್ ಹಾಕಿದವರಿಗೆ ರಿಯಾಯಿತಿ ಕೊಡಲೇಬೇಕು. 2,500 ಡಾಲರ್ ಪ್ರೀಮಿಯಂ ಕಟ್ಟುವವರಿಗೆ 5% ಸಿಕ್ಕರೆ ವರ್ಷಕ್ಕೆ 125. ಮೇಲಿನ ಲೆಕ್ಕದಲ್ಲಿ ಒಂದು ಚಳಿಗಾಲದ ಟೈರಿನ ಖರ್ಚು ಅಲ್ಲಿಗೇ ಬಂತು. ಆದರೆ ನೀವಾಗಿ ಕೇಳದೆ ಅವರಾಗಿ ಕೊಡುವುದಿಲ್ಲ.