ಅಪಘಾತದ ದಿನಾಂಕ: ಕಾರ್ಮಿಕ ಪರಿಹಾರ ಶಾಸನದಲ್ಲಿ ವೃತ್ತಿರೋಗದ ಸ್ಥಾನ

ಕೆಲಸದಲ್ಲಿ ತೊಡಗಿರುವಾಗ ಗಾಯಗೊಂಡ ಕಾರ್ಮಿಕನಿಗೆ ಮಾಲೀಕನು ಪರಿಹಾರ ಕೊಡತಕ್ಕದ್ದೆಂಬ ತತ್ತ್ವವು ಇಂಗ್ಲೆಂಡಿನಲ್ಲಿ 1897ರಲ್ಲಿಯೂ ಬ್ರಿಟಿಷ್ ಭಾರತದಲ್ಲಿ 1923ರಲ್ಲಿಯೂ ಶಾಸನರೂಪವನ್ನು ತಾಳಿತು. ಮಾಲೀಕನ ತಪ್ಪನ್ನು ಸಾಧಿಸಿ ತೋರಿಸಬೇಕಾದ ಹೊರೆ ಇದರಿಂದ ಕಾರ್ಮಿಕನಿಗೆ ತಪ್ಪಿತು. ಕುಡಿದ ಅಮಲಿನಲ್ಲಿ ಆದ ಗಾಯ ಮೊದಲಾದ ಕೆಲವು ಅಪವಾದಗಳನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಮುಖ್ಯವಾದ ತೊಡಕು ಬೇರೆಯದು. ಎರಡು ಶಾಸನಗಳೂ ‘ಅಪಘಾತ’ವೆಂಬ ಪದದ ಮೇಲೆ ನಿಂತಿದ್ದುವು. ಅಪಘಾತಕ್ಕೆ ಒಂದು ದಿನವುಂಟು, ಒಂದು ಗಳಿಗೆಯುಂಟು. ರೋಗಕ್ಕೆ ಅಂಥ ಗಳಿಗೆ ಯಾವುದು?

ಈ ಪ್ರಶ್ನೆಗೆ 1905ರಲ್ಲಿ ಇಂಗ್ಲೆಂಡಿನ ನ್ಯಾಯಪೀಠಗಳು ಎರಡು ಉತ್ತರ ಕೊಟ್ಟವು. ಕಿಡರ್‌ಮಿನ್‌ಸ್ಟರಿನಲ್ಲಿ ಉಣ್ಣೆ ವಿಂಗಡಿಸುತ್ತಿದ್ದವನೊಬ್ಬನು ಆಂಥ್ರಾಕ್ಸಿನಿಂದ, ಅಂದರೆ ನಮ್ಮ ದನಗಾಹಿಗಳು ಬಲ್ಲ ನೆರಡಿ ರೋಗದಿಂದ, ಮಡಿದನು. ರೋಗಾಣು ಕಣ್ಣಿಗೆ ತಗುಲಿದ ಕ್ಷಣವೊಂದಿರಲೇಬೇಕಾದುದರಿಂದ ಅದು ಅಪಘಾತವೇ ಎಂದು ಲಾರ್ಡ್ಸ್ ಸಭೆ ತೀರ್ಮಾನಿಸಿತು. ಹಡಗು ಕಟ್ಟುವಲ್ಲಿ ಸೀಸವನ್ನು ಬಳಸಿ ವಿಷವೇರಿಸಿಕೊಂಡ ಇನ್ನೊಬ್ಬನಿಗಾದರೋ ಪರಿಹಾರ ದೊರೆಯಲಿಲ್ಲ. ಆ ವಿಷ ಮೆಲ್ಲಮೆಲ್ಲನೆ ಏರಿದ್ದು, ಅದಕ್ಕೆ ದಿನಾಂಕವಿಲ್ಲವೆಂಬುದೇ ಕಾರಣ. ತರ್ಕ ನಿರ್ದುಷ್ಟವಾಗಿತ್ತು, ಫಲ ಮಾತ್ರ ಅನ್ಯಾಯ. ಮರುವರ್ಷವೇ ಪಾರ್ಲಿಮೆಂಟು ಕೆಲವು ರೋಗಗಳ ಪಟ್ಟಿಯೊಂದನ್ನು ಶಾಸನಕ್ಕೆ ಜೋಡಿಸಿತು.

ನಮ್ಮ 1923ರ ಅಧಿನಿಯಮವು ಈ ಪಾಠವನ್ನು ಕಲಿತೇ ಹುಟ್ಟಿತು. ಆಂಥ್ರಾಕ್ಸ್, ಸೀಸದ ವಿಷ, ರಂಜಕದ ವಿಷ ಇವು ಅದರ ಮೊದಲ ಪಟ್ಟಿಯಲ್ಲಿದ್ದುವು. ಪಟ್ಟಿಯ ರೋಗವನ್ನು ಅಪಘಾತವೆಂದೇ ‘ಭಾವಿಸತಕ್ಕದ್ದು’. ರೋಗದಿಂದ ಅಶಕ್ತನಾದ ಕಾರ್ಮಿಕನು ಸತತವಾಗಿ ಗೈರುಹಾಜರಾದ ಮೊದಲನೆಯ ದಿನವೇ ಅಪಘಾತದ ದಿನ. ದಿನಾಂಕವಿಲ್ಲದುದಕ್ಕೆ ಶಾಸನವು ಹೀಗೆ ದಿನಾಂಕವೊಂದನ್ನು ಕಲ್ಪಿಸಿಕೊಟ್ಟಿತು.

ಈ ಕಲ್ಪನೆ ಎಲ್ಲಿ ಸಾಲದೆ ಹೋಗುತ್ತದೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ. ಅಲ್ಲಿ ಬಂಡೆ ಸಿಡಿದು ಸತ್ತವನ ದಿನಾಂಕ ಎಲ್ಲರಿಗೂ ತಿಳಿದದ್ದೇ. ಆದರೆ ಶಿಲೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ, ಅದನ್ನು ಗಡುಸಾದ ನಾರನ್ನಾಗಿ ಮಾಡಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಇದೇ ಸಿಲಿಕೋಸಿಸ್. ಮೈಸೂರು ಸಂಸ್ಥಾನವು 1940ರಲ್ಲಿ ಇದಕ್ಕಾಗಿಯೇ ನಿಯಮಗಳನ್ನು ಮಾಡಿತು. 1940ರಿಂದ 1946ರವರೆಗೆ ನಡೆದ ಪರೀಕ್ಷೆಯಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತು.

ಸ್ವಾತಂತ್ರ್ಯಾನಂತರ ಮೈಸೂರಿಗೂ ಅನ್ವಯಿಸಿದ 1923ರ ಅಧಿನಿಯಮದಲ್ಲಿ ಸಿಲಿಕೋಸಿಸ್ ಪಟ್ಟಿಯ ಮೂರನೆಯ ಭಾಗವನ್ನು ಸೇರಿತು. ಹಲವು ಮಾಲೀಕರ ಕೈಕೆಳಗೆ ದುಡಿದವನಿಗೆ ಅವರೆಲ್ಲರೂ ಪಾಲು ಹಾಕಿ ಪರಿಹಾರ ತೆರಬೇಕೆಂಬ ವಿಧಿಯೂ ಬಂದಿತು. ಇದು ವಿವೇಕದ ಮಾತು, ಏಕೆಂದರೆ ಧೂಳಿಗೆ ಯಜಮಾನನ ಗುರುತಿಲ್ಲ. ಆದರೆ ಕೆಲಸ ಬಿಟ್ಟವನ ವಿಷಯದಲ್ಲಿ ಶಾಸನದ ಕೈ ಬಿಗಿಯಾಗಿತ್ತು. ಬಿಟ್ಟ ಎರಡು ವರ್ಷಗಳೊಳಗೆ ಲಕ್ಷಣ ತೋರಿದರೆ, ತೋರಿದ ದಿನವೇ ಅಪಘಾತದ ದಿನವೆಂದಿತೇ ಹೊರತು, ಅನಂತರ ತೋರಿದರೆ ಏನೆಂಬುದನ್ನು ಹೇಳಲಿಲ್ಲ. ತಡವಾದ ಅರ್ಜಿಯನ್ನು ಸಕಾರಣವಿದ್ದಲ್ಲಿ ಆಯುಕ್ತನು ಅಂಗೀಕರಿಸಬಹುದಾಗಿತ್ತು, ನಿಜ. ಆದರೆ ಅದು ಹಕ್ಕಲ್ಲ, ಆತನ ವಿವೇಚನೆ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಆ ವರ್ಷ ಕೊನೆಯದಾಗಿ ಮೇಲೆ ಬಂದವನೊಬ್ಬನಿಗೆ 2004ರಲ್ಲಿ ಏದುಸಿರು ಮೊದಲಾಗಿದ್ದರೆ, ಆ ಶಾಸನದ ಲೆಕ್ಕದಲ್ಲಿ ಅವನ ಅಪಘಾತಕ್ಕೆ ದಿನಾಂಕವಿರಲಿಲ್ಲ.