ಬಾಡಿಗೆ ಕೊಟ್ಟು ಕೂರುವ ಬೆಂಚು



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಿಂದ ಎಷ್ಟು ಸಲ ಕೇಳಿದ್ದೀರೋ ಲೆಕ್ಕವಿಲ್ಲ. ಕನ್ನಡ ಓದಲು ತಡವರಿಸುವವರಿಗೂ ಇದು ಬಾಯಿಪಾಠ. ಆದರೂ ದಿವೇಘಾಟ್ ಇಳಿದು ಹಡಪಸರದ ಕಂಪನಿಗಳಿಗೆ ಹೋಗುವ ನಿಮ್ಮಲ್ಲಿ ಅನೇಕರ ಕೈ ತಿಂಗಳ ಇಪ್ಪತ್ತನೆಯ ತಾರೀಖಿಗೇ ಬರಿದಾಗುತ್ತದೆ. ಬೈಕಿಗೆ ಕಂತು, ಫೋನಿಗೆ ಕಂತು. ಮೊಬೈಲಿನಿಂದ ಸ್ಕ್ಯಾನ್ ಮಾಡಿ ಕೊಟ್ಟ ಚಿಲ್ಲರೆ ಹಣ ಎಲ್ಲಿ ಹೋಯಿತೆಂಬುದು ನೆನಪಿಗೇ ಬಾರದು. ಈಜಿನ ಬಗ್ಗೆ ಉಪನ್ಯಾಸ ಕೇಳಿ ಯಾರೂ ಈಜು ಕಲಿತಿಲ್ಲ. ಹಣದ ಮಾತೂ ಹಾಗೆಯೇ.

ಆದ್ದರಿಂದ ಸಾಸವಡದಲ್ಲಿ ಭಾನುವಾರಗಳಂದು ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸುವ ನಿಮ್ಮ ಮುಂದೆ ಒಂದು ಆಟವನ್ನು ಇಡುತ್ತಿದ್ದೇನೆ. ಅಮೆರಿಕದ ಅನೇಕ ಶಾಲೆಗಳಲ್ಲಿ ಇದನ್ನು ‘ಕ್ಲಾಸ್‌ರೂಮ್ ಎಕಾನಮಿ’ ಎನ್ನುತ್ತಾರೆ. ಪ್ರತಿ ಮಗುವಿಗೂ ತರಗತಿಯಲ್ಲಿ ಒಂದು ಉದ್ಯೋಗ, ಅದಕ್ಕೆ ಆಟದ ಹಣದಲ್ಲಿ ಸಂಬಳ. ಕೂರುವ ಜಾಗಕ್ಕೆ ಮಾತ್ರ ಬಾಡಿಗೆ ಕೊಡಬೇಕು!

ಇದೇನು ಹೊರಗಿನಿಂದ ಬಂದ ವಿದ್ಯೆ ಎಂದು ಮೂಗು ಮುರಿಯಬೇಡಿ. ಚಿಕ್ಕ ಉಳಿತಾಯದಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಉಡುಪಿಯಲ್ಲಿ 1925ರಲ್ಲಿ ಟಿ. ಎಂ. ಎ. ಪೈ ಮತ್ತು ಸಂಗಡಿಗರು ಹುಟ್ಟುಹಾಕಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಂಥ ಪುಡಿಗಾಸನ್ನೂ ಏಜೆಂಟರು ಮನೆಬಾಗಿಲಿಗೇ ಬಂದು ಪಡೆದುಕೊಳ್ಳುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶಾಲೆಗಳಲ್ಲಿ ‘ಸಂಚಯಿಕಾ’ ಎಂಬ ಉಳಿತಾಯ ಬ್ಯಾಂಕುಗಳೂ ಇದ್ದವು. ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಅದರ ಲೆಕ್ಕ ಬರೆಯುತ್ತಿದ್ದರು. ಇನ್ನು ಹೆಂಗಸರ ಸಾಸಿವೆ ಡಬ್ಬಿಯ ಬ್ಯಾಂಕನ್ನಂತೂ ಕೇಳುವುದೇ ಬೇಡ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಎಷ್ಟು ಮನೆಗಳ ಡಬ್ಬಿಗಳು ಗಂಡಸರ ಮುಂದೆ ಬಾಯಿ ತೆರೆಯಬೇಕಾಯಿತು!

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುವುದನ್ನು ನೀವು ಊರಿಗೆ ಹೋದಾಗ ನೋಡಿರಬಹುದು. ಮಕ್ಕಳು ಸೊಪ್ಪು, ನಿಂಬೆಹಣ್ಣು ತಂದು ಮಾರುತ್ತಾರೆ, ಚೌಕಾಸಿ ಕಲಿಯುತ್ತಾರೆ. ಬಹಳ ಸೊಗಸು. ಆದರೆ ಸಂತೆ ಒಂದೇ ದಿನದ್ದು. ಗಳಿಸಿದ ಹಣವನ್ನು ನಾಳೆ, ನಾಡಿದ್ದು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಬಾಡಿಗೆಯ ಆಟ ಆರಂಭವಾಗುವುದೇ ಆ ಪ್ರಶ್ನೆಯಿಂದ.

ಲೆಕ್ಕ ಹೀಗೆ. ಹಲಗೆ ಒರೆಸುವವರು, ಹಾಜರಿ ಕರೆಯುವವರು, ಪುಸ್ತಕ ಹಂಚುವವರು, ಎಲ್ಲರಿಗೂ ಭಾನುವಾರಕ್ಕೆ 10 ಚೀಟಿ ಸಂಬಳ. ನಾಲ್ಕು ವಾರಕ್ಕೆ 40. ಜಾಗದ ಬಾಡಿಗೆ ತಿಂಗಳಿಗೆ 25. ಉಳಿದ 15 ಚೀಟಿಗೆ ನಿಮ್ಮ ಅಂಗಡಿಯಲ್ಲಿ ಚಿಕ್ಕಿ, ಪೆನ್ಸಿಲು, ಸ್ಟಿಕರು ಸಿಗುತ್ತವೆ. ಇದರ ಜೊತೆಗೆ ಇನ್ನೊಂದು ಫಲಕ ತೂಗುಹಾಕಿ: 75 ಚೀಟಿ ಕೊಟ್ಟರೆ ಜಾಗ ಸ್ವಂತ. ಜೂನ್‌ನಿಂದ ಚಿಕ್ಕಿಯ ಆಸೆ ತಡೆದ ಹುಡುಗಿ ಐದು ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, ತನ್ನ ಜಾಗದ ಒಡತಿ. ಅಲ್ಲಿಂದ ಮುಂದೆ 40ಕ್ಕೆ 40 ಅವಳದೇ. ಪಕ್ಕದ ಹುಡುಗ ಆಗಲೂ 25 ಎಣಿಸಿ ಕೊಡುತ್ತಿರುತ್ತಾನೆ. ಮನೆ, ಸಾಲ, ಬಾಡಿಗೆ ಎಂದರೇನೆಂದು ಆ ದಿನ ಇಬ್ಬರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಬರೆಯುವವನಿಗೆ ‘ಶಾನುಭೋಗ’ ಎಂದು ಹೆಸರಿಡಿ. ಹಳೆಯ ಕಾಲದಲ್ಲಿ ನಮ್ಮ ಊರುಗಳ ಲೆಕ್ಕಪತ್ರ ನೋಡುತ್ತಿದ್ದವನು ಅವನೇ. ಅಂಕಿಗಳು ಕನ್ನಡದಲ್ಲಿರಲಿ, ತಿಂಗಳಿಗೊಬ್ಬ ಶಾನುಭೋಗ ಬದಲಾಗಲಿ.

ಆಟ ಕೈಗೆ ಹತ್ತಿದ ಮೇಲೆ ಪುರಂದರದ ರೈತನನ್ನು ಒಳಗೆ ತನ್ನಿ. ನಮ್ಮ ಸುತ್ತಲಿನ ಸೀತಾಫಲ, ಅಂಜೂರದ ತೋಟದವರಿಗೆ ತಿಂಗಳ ಸಂಬಳವಿಲ್ಲ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ನಿಜ. ಆದರೂ ದುಡ್ಡು ಬರುವುದು ಹಂಗಾಮಿನಲ್ಲಿ ಮಾತ್ರ, ಖರ್ಚು ವರ್ಷವಿಡೀ. ಅರ್ಧ ಮಕ್ಕಳಿಗೆ ವಾರವಾರ ಸಂಬಳ ಕೊಡಿ, ಉಳಿದರ್ಧಕ್ಕೆ ಮೂರು ತಿಂಗಳದ್ದನ್ನು ಒಟ್ಟಿಗೆ 120 ಚೀಟಿಯಾಗಿ, ಹಂಗಾಮು ಮುಗಿದ ಮೇಲೆ ಕೊಡಿ. ಅಲ್ಲಿಯವರೆಗೆ ಬಾಡಿಗೆ ಬಾಕಿ ಬರೆದಿಡಿ. ಕೈತುಂಬ ಬಂದ 120ರಲ್ಲಿ 75 ಬಾಡಿಗೆಯ ಬಾಕಿಗೇ ಹೋಗುವುದನ್ನು ನೋಡಿದ ಮಗು ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸುವವರನ್ನು ಬೇರೆ ಕಣ್ಣಿನಿಂದ ನೋಡುತ್ತದೆ ಎಂದು ನನ್ನ ನಂಬಿಕೆ.

ಎರಡು ಎಚ್ಚರಿಕೆಗಳು. ನಿಜವಾದ ಹಣವನ್ನು ಆಟಕ್ಕೆ ಸೇರಿಸಬೇಡಿ. ಅಪ್ಪನ ಜೇಬು ಎಲ್ಲರದೂ ಒಂದೇ ಅಳತೆಯದಲ್ಲ. ಚೀಟಿ ಮುಗಿದವನಿಗೆ ಕರುಣೆಯಿಂದ ಬಾಡಿಗೆ ಮನ್ನಾ ಮಾಡಲೂ ಬೇಡಿ, ಎಲ್ಲರೆದುರು ನಾಚಿಸಲೂ ಬೇಡಿ. ಹೆಚ್ಚಿನ ಕೆಲಸ ಕೊಟ್ಟು ದುಡಿಸಿಕೊಳ್ಳಿ. ಹತ್ತು ವರ್ಷ ತುಂಬಿದ ಮಕ್ಕಳು ಸ್ವತಃ ನಡೆಸುವ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕ್ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. ಆಟ ಮುಗಿದ ಮೇಲೆ ಅವರನ್ನು ಅಲ್ಲಿಗೆ ಕರೆದೊಯ್ಯಬಹುದು. ಹೋದಾಗ ನಿಮ್ಮ ಪಾಸ್‌ಬುಕ್ಕೂ ಜೊತೆಗಿರಲಿ.

ಚೀಟಿಗೆ ಹಳೆಯ ಮದುವೆ ಕರೆಯೋಲೆಗಳು ಒಳ್ಳೆಯವು, ಬೇಗ ಹರಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ದೊಡ್ಡ ಕಟ್ಟೇ ಇದೆ. ಕತ್ತರಿ ತಂದರೆ ಕೂತು ಕತ್ತರಿಸಿಕೊಂಡು ಹೋಗಬಹುದು.